ಚೌಕಟ್ಟಿನೊಳಗೆ ಮರೆಯಾದ ಬೆರಳು

ಡ್ರೈಕ್ಲೀನಿಂಗ್ ಅಂಗಡಿಯ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿದ ಕಿಟಕಿಯ ಪಕ್ಕದಲ್ಲಿ ಒಂದು ಎತ್ತರದ ಕುರ್ಚಿ. ಅದರ ಮೇಲೆ ಕೂತು ಕೆಲಸ ಮಾಡುವವಳನ್ನು ಬೀದಿಯವರೆಲ್ಲ ರಫು ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು. ಹಾಗನ್ನಬೇಡಿ ಎಂದು ಹೇಳುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಕೋಟಿಗೆ ಬೆಂಕಿಯ ಕಿಡಿ ಬಿದ್ದು ತೂತಾಗಿರಲಿ, ಉಣ್ಣೆಯ ಬಟ್ಟೆಯನ್ನು ನುಸಿ ತಿಂದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಹಿರಿದು, ಅದು ಸಾಲದಿದ್ದರೆ ಬೇರೆ ದಾರ ಹೊಂದಿಸಿ, ನೇಯ್ದವನಿಗೇ ಗುರುತು ಸಿಗದ ಹಾಗೆ ಮುಚ್ಚಿಕೊಡುವುದು ಅವಳ ಕೆಲಸ. ಗಿರಾಕಿ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, "ತೂತು ಎಲ್ಲಿತ್ತು?" ಎಂದು ಕೇಳಿದರೆ, "ನನಗೂ ಮರೆತೇಹೋಯ್ತು ನೋಡಿ" ಎಂದು ಕನ್ನಡಕ ಮೇಲೆ ಸರಿಸುತ್ತಿದ್ದಳು. ಅವಳ ಮಟ್ಟಿಗೆ ಜಂಬ ಅಂದರೆ ಅಷ್ಟೇ.

ಈ ಕೆಲಸಕ್ಕೆ ಒಂದು ನಿಯಮವಿದೆ. ಬಟ್ಟೆ ಹೊಸದಾಗಿದ್ದಾಗ ಯಾವ ಬಣ್ಣವಿತ್ತು ಎಂದು ಯೋಚಿಸಬಾರದು. ಈಗ ಹೇಗಿದೆಯೋ ಅದಕ್ಕೆ ದಾರ ಹೊಂದಿಸಬೇಕು. ಬಿಸಿಲಿಗೆ ಬಿಳಿಚಿಕೊಂಡ ಕೋಟಿಗೆ ಅಚ್ಚ ಕಪ್ಪು ದಾರ ಹಾಕಿದರೆ ತೂತಿಗಿಂತ ತೇಪೆಯೇ ಕಣ್ಣಿಗೆ ಹೊಡೆಯುತ್ತದೆ. ಅವಳು ಮೂವತ್ತು ವರ್ಷಕ್ಕೂ ಮೀರಿ ಈ ನಿಯಮವನ್ನು ಪಾಲಿಸಿಕೊಂಡು ಬಂದಿದ್ದಳು. ಕೈ ಹಿಡಿದು ನಡೆಸಿದ ಆ ನಿಯಮವೇ ಒಂದು ದಿನ ಅವಳಿಗೆ ಕೈಕೊಟ್ಟಿತು. ಅದು ಅವಳ ತಾಯಿಯ ವಿಷಯದಲ್ಲಿ.

ಅವಳಿಗೆ ತಾಯಿಯ ನೆನಪಿಲ್ಲ. ಅವಳು ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಒಂದೇ ಒಂದು ತೈಲಚಿತ್ರ, ಕೆಳಮನೆಯಲ್ಲಿ ಕೆಲಕಾಲ ಬಾಡಿಗೆಗಿದ್ದ ಚಿತ್ರಕಾರನಿಂದ ಅಪ್ಪ ಬರೆಸಿದ್ದು. ಕುರ್ಚಿಯಲ್ಲಿ ಕೂತ ಹೆಂಗಸು, ಹೆಗಲ ಮೇಲೆ ಹಸಿರು ಶಾಲು, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು. ಕೆಳಗಿನ ಕೈಯ ಒಂದು ಬೆರಳಿನ ತುದಿ ಚೌಕಟ್ಟಿನೊಳಗೆ ಮರೆಯಾಗಿತ್ತು. ಮುಖ ಮಾತ್ರ ಹಳದಿಗೆ ತಿರುಗಿದ ಕಂದು. ಕೆನ್ನೆ ಗುಳಿಬಿದ್ದ ಹಾಗೆ, ಕಣ್ಣಿನ ಕೆಳಗೆ ಕಪ್ಪು. ಯಾರು ನೋಡಿದರೂ, ಅಯ್ಯೋ ಪಾಪ, ಹಾಸಿಗೆ ಹಿಡಿದಿದ್ದಾಗ ಎಬ್ಬಿಸಿ ಕೂರಿಸಿ ಬರೆಸಿದ್ದೇನೋ ಅನ್ನಬೇಕು, ಹಾಗಿತ್ತು.

ಹಾಗೆ ಅನ್ನುವವರಿಗೆ ಮನೆಯಲ್ಲಿ ಉತ್ತರ ಸಿದ್ಧವಾಗಿತ್ತು. ತಾಯಿ ಸತ್ತ ಮೇಲೆ ಮಕ್ಕಳನ್ನು ಸಾಕಲು ಬಂದ ದೊಡ್ಡಮ್ಮ ಚಿತ್ರದ ಕಡೆ ಬೆರಳು ತೋರಿಸಿ ಹೇಳುತ್ತಿದ್ದಳು: "ಇವಳು ಹುಟ್ಟಿದ ಮೇಲೆ ಬರೆಸಿದ್ದು, ನೋಡಿ." ಅಷ್ಟು ಹೇಳಿದರೆ ಸಾಕು, ಬಂದವರು ಮಗುವಿನ ಕಡೆ ಒಮ್ಮೆ, ಚಿತ್ರದ ಕಡೆ ಒಮ್ಮೆ ನೋಡಿ ಲೊಚಗುಟ್ಟುತ್ತಿದ್ದರು. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿದ ದಿನ ಈ ಸುತ್ತುಬಳಸು ಇರುತ್ತಿರಲಿಲ್ಲ. "ಹುಟ್ತಾನೇ ತಾಯಿನ ನುಂಗಿದವಳು" ಎಂದು ನೇರವಾಗಿಯೇ ಅನ್ನುತ್ತಿದ್ದಳು. ಸಾಕಿ ಸಲಹಿದ ಕೈಯೂ ಅದೇ, ಹಾಗೆ ಹೇಳಿದ ಬಾಯಿಯೂ ಅದೇ. ಬಂಧುಗಳೆಂದರೆ ಹೀಗೆ, ಪೂರ್ತಿ ದ್ವೇಷಿಸಲೂ ಬಿಡುವುದಿಲ್ಲ. ಅಪ್ಪ ಒಂದೆರಡು ಸಲ, "ಅವಳಿಗೆ ಬಂದಿದ್ದು ಜ್ವರ. ಮಗುಗೂ ಅದಕ್ಕೂ ಏನು ಸಂಬಂಧ?" ಎಂದದ್ದುಂಟು. ಆದರೆ ಅಪ್ಪ ಮೆತ್ತಗಿನ ಮನುಷ್ಯ, ಬೇಗ ಹೋಗಿಬಿಟ್ಟ. ಗೋಡೆಯ ಮೇಲಿನ ಚಿತ್ರ ಮಾತ್ರ ದೊಡ್ಡಮ್ಮನ ಪರವಾಗಿ ಸಾಕ್ಷಿ ಹೇಳುತ್ತಲೇ ಇತ್ತು.

ಅಣ್ಣ ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ತಂಗಿಗೆ ಸೈಕಲ್ ಕಲಿಸಿದವನು ಅವನೇ, ಶಾಲೆಯಲ್ಲಿ ಅವಳ ಜಡೆ ಎಳೆದವನ ಕಿವಿ ಹಿಂಡಿ ಬಂದವನೂ ಅವನೇ. ದೊಡ್ಡಮ್ಮ ಹೋದ ಮೇಲೆ ಚಿತ್ರ ಅಣ್ಣನ ಮನೆಯ ಗೋಡೆ ಸೇರಿತು, ಅದರ ಜೊತೆ ಆ ಮಾತೂ ಅವನ ಬಾಯಿ ಸೇರಿತು. ಯಾರಾದರೂ ಬಂದು ಚಿತ್ರ ಯಾರದೆಂದು ಕೇಳಿದರೆ, "ನಮ್ಮಮ್ಮ. ಇವಳು ಹುಟ್ಟಿದ ಮೇಲೆ ಬರೆಸಿದ್ದು, ನೋಡಿ." ಅದರಲ್ಲಿ ವಿಷವಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ವಿಷವಿದ್ದಿದ್ದರೆ ಅವಳು ಎದುರುತ್ತರ ಕೊಡುತ್ತಿದ್ದಳು, ಜಗಳ ಆಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಅವನು ಹೊರಗಿನ ಹವೆಯ ವಿಷಯ ಹೇಳಿದ ಹಾಗೆ ಹೇಳುತ್ತಿದ್ದ. ಅವಳು ತಲೆ ತಗ್ಗಿಸುತ್ತಿದ್ದಳು. ಐವತ್ತು ದಾಟಿದ ಮೇಲೂ ತಗ್ಗಿಸುತ್ತಿದ್ದಳು. ತನ್ನ ಹುಟ್ಟಿದ ದಿನ ಯಾವುದೆಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಅಣ್ಣ ಕೆಲಸದಿಂದ ನಿವೃತ್ತನಾಗಿ, ಮಗಳ ಊರಿನಲ್ಲೇ ಮನೆ ಮಾಡುವುದೆಂದು ತೀರ್ಮಾನಿಸಿದ. ಅವನ ಮನೆಯ ಸಾಮಾನು ಒಂದೊಂದೇ ಪೆಟ್ಟಿಗೆ ಸೇರತೊಡಗಿದಾಗ ರಫು ಅಕ್ಕನ ಎದೆ ಧಸಕ್ಕೆಂದಿತು. ಗೋಡೆಯ ಮೇಲಿನ ತಾಯಿಯೂ ಹೋಗುತ್ತಾಳೆ! ಎಂಥ ಮುಖವೇ ಆಗಲಿ, ತಾಯಿ ಎಂದು ನೋಡಲು ಅವಳಿಗಿದ್ದದ್ದು ಅದೊಂದೇ.

"ಅಣ್ಣ, ಹೋಗೋ ತನಕ ಚಿತ್ರ ನನ್ನ ಹತ್ತಿರ ಇರ್ಲಿ" ಎಂದು ಕೇಳಿದಳು.

"ಯಾಕೆ?"

"ನೋಡ್ಕೊಂಡು ಒಂದು ಬರ್ಕೋತೀನಿ."

"ನೀನಾ? ಪುಟ್ಟೀ, ನಿನಗೆ ಚಿತ್ರ ಬರೆಯೋಕೆ ಯಾವಾಗ ಬಂತು?"

"ಬರಲ್ಲ. ಕಲೀತೀನಿ."

ಅತ್ತಿಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, "ಫೋನಲ್ಲಿ ಒಂದು ಫೋಟೋ ಹೊಡ್ಕೊಂಡ್ರೆ ಮುಗೀತಲ್ಲ" ಎಂದಳು. ರಫು ಅಕ್ಕ ಅದನ್ನೂ ಮಾಡಿ ನೋಡಿದ್ದಳು. ಫೋಟೋದಲ್ಲಿ ತಾಯಿ ಇನ್ನಷ್ಟು ಕಪ್ಪಾಗಿ ಬಂದು, ಹಣೆಯ ಮೇಲೆ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು. ಅದಲ್ಲದೆ, ಎಳೆ ಎಳೆಯಾಗಿ ತನ್ನ ಕೈಮೇಲೆ ಹಾದುಹೋಗದ ಯಾವ ವಸ್ತುವೂ ತನ್ನದು ಎಂದು ಅವಳಿಗೆ ಅನ್ನಿಸುತ್ತಿರಲಿಲ್ಲ.

ಅಣ್ಣ ಚಿತ್ರವನ್ನು ಹಳೆ ಹೊದಿಕೆಯಲ್ಲಿ ಸುತ್ತಿ ಕೊಟ್ಟ. "ಇದಕ್ಕೆ ಏನೂ ಆಗಬಾರದು. ಅಮ್ಮಂದು ಅಂತ ಇರೋದು ಇದೊಂದೇ."

"ಇದರ ಮೇಲೆ ಬೆರಳೂ ಸೋಕಿಸಲ್ಲ" ಎಂದು ಅವಳು ಮಾತು ಕೊಟ್ಟಳು.

ಅದೇ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಚಿತ್ರದ ಮೇಷ್ಟ್ರು ಇದ್ದರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹಿಂದೊಮ್ಮೆ ಮೊಣಕೈ ಹರಿದ ಕೋಟು ತಂದುಕೊಟ್ಟು, ವಾಪಸು ತೆಗೆದುಕೊಂಡಾಗ ಕಿಟಕಿಯ ಬೆಳಕಿಗೆ ಹಿಡಿದು, "ಈ ಬೂದು ದಾರ ಎಲ್ಲಿ ಸಿಕ್ತು?" ಎಂದು ಕೇಳಿದ್ದರು.

"ಎಲ್ಲೂ ಸಿಗಲಿಲ್ಲ ಮೇಷ್ಟ್ರೇ. ಬೂದು, ಕಂದು, ಒಂದೆಳೆ ಹಸಿರು ಸೇರಿಸಿ ಹೊಸೆದೆ."

"ಹಸಿರಾ? ನನ್ನ ಕೋಟಲ್ಲಿ ಹಸಿರೆಲ್ಲಿದೆ?"

"ಇದೆಯಲ್ಲ. ನೀವು ಬ್ರಷ್ ಒರೆಸೋದು ಆ ತೋಳಿಗೇ ಅಲ್ವಾ?"

ಮೇಷ್ಟ್ರು ಅಂದು ನಕ್ಕಿದ್ದು ಬೀದಿಯ ಆಚೆಗೂ ಕೇಳಿಸಿತ್ತು. ಹಾಗಾಗಿ ಅವಳು ಹೊದಿಕೆಯಲ್ಲಿ ಸುತ್ತಿದ ಚಿತ್ರವನ್ನು ಎದೆಗವಚಿಕೊಂಡು ಅವರ ಮೆಟ್ಟಿಲು ಹತ್ತಿದಾಗ ಅವರು ಕಲಿಸುವುದಿಲ್ಲ ಎನ್ನಲಿಲ್ಲ. ಕೋಣೆಯಲ್ಲಿ ದೊಡ್ಡ ಕಿಟಕಿಯೊಂದು, ಬ್ರಷ್ ತುಂಬಿದ ಡಬ್ಬಿಗಳು, ನೆಲದ ಮೇಲೆ ಹಳೇ ಪತ್ರಿಕೆ. ಟರ್ಪೆಂಟೈನಿನ ವಾಸನೆಗೆ ಅವಳಿಗೆ ಸಾಲುಸಾಲಾಗಿ ಸೀನು ಬಂತು. "ಮೂಗು ಮೊದಲು ಕಲೀಬೇಕು, ಕೈ ಆಮೇಲೆ" ಎಂದು ಮೇಷ್ಟ್ರು ಕಿಟಕಿ ತೆರೆದರು.

ಅಂಗಡಿ ಮುಚ್ಚುವ ದಿನಗಳಲ್ಲೂ ಮಧ್ಯಾಹ್ನದ ಬಿಡುವಿನಲ್ಲೂ ಅವಳು ಮೇಲೆ ಹೋಗತೊಡಗಿದಳು. ಮೊದಮೊದಲು ಬಣ್ಣವೇ ಇಲ್ಲ, ಬರೀ ಇದ್ದಿಲು. ಚೌಕಟ್ಟಿನ ಅಂಚಿಗೆ ಬಿಳಿ ದಾರ ಕಟ್ಟಿ, ಚಿತ್ರಕ್ಕೆ ತಾಗದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಎಳೆದು ಚೌಕ ಮನೆಗಳನ್ನು ಮಾಡಿದಳು. ಕ್ಯಾನ್ವಾಸಿನ ಮೇಲೂ ಅಷ್ಟೇ ಮನೆಗಳು. ಈ ಮನೆಯಲ್ಲಿ ಕಣ್ಣಿನ ತುದಿ, ಆ ಮನೆಯಲ್ಲಿ ಮೂಗಿನ ನೆರಳು ಎಂದು ಒಂದೊಂದಾಗಿ ಸಾಗಿಸಿದಳು. ದಾರದ ಕೆಲಸವಾದ್ದರಿಂದ ಅದು ಅವಳಿಗೆ ಬೇಗ ಒಲಿಯಿತು.

"ನಕಲು ಮಾಡೋದಂದ್ರೆ ಕದಿಯೋದಲ್ಲ ಅಕ್ಕಾ" ಎಂದು ಮೇಷ್ಟ್ರು ಹೇಳುತ್ತಿದ್ದರು. "ಬರೆದವನ ಕೈ ಹಿಂದೆ ನಡ್ಕೊಂಡು ಹೋಗ್ಬೇಕು. ಎಲ್ಲಿ ಆತುರಪಟ್ಟ, ಎಲ್ಲಿ ನಿಂತ, ಅದು ಗೊತ್ತಾಗ್ಬೇಕು."

ನಡೆದುಹೋದಂತೆ ಅವಳಿಗೆ ಗೊತ್ತಾಯಿತು. ಕುರ್ಚಿಯನ್ನು ಚಿತ್ರಕಾರ ನಾಲ್ಕು ಏಟಿನಲ್ಲಿ ಮುಗಿಸಿದ್ದ. ಶಾಲಿನ ಮಡಿಕೆಗಳಲ್ಲಿ ಸ್ವಲ್ಪ ಆಡಿದ್ದ. ತುಟಿಯ ಮೂಲೆಗೆ ಬಂದಾಗ ಮಾತ್ರ ನಿಂತಿದ್ದ, ಬಹಳ ಹೊತ್ತು ನಿಂತಿದ್ದ. ಆ ಮೂಲೆಯನ್ನು ಅವಳು ಇದ್ದಿಲಿನಲ್ಲಿ ಎಳೆದಾಗ ಮೇಷ್ಟ್ರು ಹತ್ತಿರ ಬಂದು ಹುಬ್ಬು ಗಂಟಿಕ್ಕಿದರು. "ಗೆರೆ ನಗ್ತಾ ಇದೆ. ಬಣ್ಣ ಅಳ್ತಾ ಇದೆ. ಏನೋ ತಾಳೆ ಆಗ್ತಿಲ್ಲ" ಎಂದು ಗೊಣಗಿ ಸುಮ್ಮನಾದರು.

ಆಮೇಲೆ ಬಣ್ಣ. ಮೊದಲು ಟರ್ಪೆಂಟೈನಿನಲ್ಲಿ ತೆಳ್ಳಗೆ, ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿ ದಪ್ಪಗೆ. ಹಿಂದುಮುಂದಾದರೆ ಬಣ್ಣ ಬಿರಿಯುತ್ತದೆ. ಬಿಳಿ, ಮಣ್ಣಿನ ಹಳದಿ, ಇಟ್ಟಿಗೆಯ ಕೆಂಪು, ಕಂದು, ಕಪ್ಪು. ಹೊಸಬರು ಇಲ್ಲಿ ಒದ್ದಾಡುತ್ತಾರೆ, ಕಲಸಿದ್ದೆಲ್ಲ ಕೆಸರಾಗುತ್ತದೆ. ರಫು ಅಕ್ಕ ಒದ್ದಾಡಲಿಲ್ಲ. ಬಟ್ಟೆಯ ಪಕ್ಕ ದಾರ ಹಿಡಿದು ನೋಡುವ ಹಾಗೆ ಕಲಸಿದ ಬಣ್ಣವನ್ನು ಚೂರಿಯ ತುದಿಯಲ್ಲಿ ತಾಯಿಯ ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಕಿರಿದಾಗಿಸಿ, ಇನ್ನೊಂದು ಚೂರು ಕಂದು, ಇನ್ನೊಂದು ಹನಿ ಹಳದಿ ಸೇರಿಸಿ, ಎರಡರ ನಡುವಿನ ಅಂಚು ಮಾಯವಾದ ಮೇಲೆಯೇ ಕ್ಯಾನ್ವಾಸಿಗೆ ಹಚ್ಚುತ್ತಿದ್ದಳು. ಗುಳಿಬಿದ್ದ ಕೆನ್ನೆ ಬರೆಯುವಾಗ ಅವಳಿಗೆ ಅನ್ನಿಸುತ್ತಿತ್ತು: ಈ ಹೆಂಗಸಿನ ರಕ್ತ ಹೀರಿದ್ದು ನಾನು, ಈಗ ಆ ಬತ್ತಿದ ಕೆನ್ನೆಯನ್ನು ನನ್ನ ಕೈಯಿಂದಲೇ ಇನ್ನೊಮ್ಮೆ ಮಾಡುತ್ತಿದ್ದೇನೆ. ಒಂದು ಮಧ್ಯಾಹ್ನ ಬ್ರಷ್ ಕೆಳಗಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತು ಅತ್ತಳು. ಕೆಳಗೆ ಸೈಕಲ್ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿದ್ದ, ಅವಳು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಚಿತ್ರ ಮುಗಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಹಳತು ಯಾವುದು ಹೊಸತು ಎಂದು ತಟ್ಟನೆ ಹೇಳುವ ಹಾಗಿರಲಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ ಕೂತು, ಗಿರಾಕಿ ತೂತು ಹುಡುಕುವುದನ್ನು ಕಾಯುವ ಹಾಗೆ, ಮೇಷ್ಟ್ರ ಮುಖ ನೋಡುತ್ತಿದ್ದಳು. ಮೇಷ್ಟ್ರು ಹೊಗಳಲಿಲ್ಲ. ಎರಡನ್ನೂ ಕಿಟಕಿಯ ಕಡೆ ತಿರುಗಿಸಿದರು, ಹತ್ತಿರ ಹೋದರು, ಹಿಂದೆ ಬಂದರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಅಮ್ಮನ್ನ ಬರೆದಿಲ್ಲ. ವಾರ್ನಿಶ್ ಬರೆದಿದೀರ."

ಅವಳ ಮುಖ ಕೆಂಪಾಯಿತು. "ಅಲ್ಲಿರೋದನ್ನೇ ಬರೆದಿದೀನಿ ಮೇಷ್ಟ್ರೇ. ಒಂದು ಎಳೆ ಆಚೀಚೆ ಆಗಿಲ್ಲ."

"ಆಗಿಲ್ಲ, ಅದಕ್ಕೇ ಹೇಳ್ತಿರೋದು. ಚಿತ್ರ ಬರೆದ ಮೇಲೆ ಕಾಪಾಡೋಕೆ ಅಂತ ಮೇಲೆ ವಾರ್ನಿಶ್ ಬಳೀತಾರೆ. ಆಗ ಅದು ನೀರಿನ ಹಾಗಿರತ್ತೆ. ವರ್ಷ ಕಳೆದ ಹಾಗೆ ಹಳದಿಗೆ ತಿರುಗತ್ತೆ. ಇದು ಎಲ್ಲಿ ನೇತಾಡ್ತಿತ್ತು?"

ಅವಳು ನೆನಪು ಮಾಡಿಕೊಂಡಳು. "ಚಿಕ್ಕವಳಿದ್ದಾಗ ಅಡುಗೆಮನೆ ಬಾಗಿಲಿನ ಎದುರು. ಸೌದೆ ಒಲೆ. ದೀಪಾನೂ ಅಲ್ಲೇ ಕೆಳಗೆ ಇಡ್ತಿದ್ರು."

"ಇನ್ನೇನು ಮತ್ತೆ! ಹೊಗೆಯೂ ಸೇರ್ತು. ಗೆರೆ ನಗ್ತಿದೆ ಅಂದಿದ್ದೆನಲ್ಲ, ಆಗ್ಲೇ ಅನುಮಾನ ಬಂದಿತ್ತು. ಸುಮ್ಮನೆ ಇದ್ದದ್ದು ನನ್ನ ತಪ್ಪು." ಮೇಷ್ಟ್ರು ಚಿತ್ರವನ್ನು ಮಗುಚಿ ಮೊಳೆಗಳನ್ನು ನೋಡಿ ಕೇಳಿದರು: "ಚೌಕಟ್ಟು ಬಿಚ್ಚಿ, ಹೊರಗೆ ಕಾಣದ ಅಂಚಲ್ಲಿ ಒಂದು ಚೂರು ಒರೆಸಿ ನೋಡ್ಲಾ? ನೀವು ಹೂಂ ಅಂದ್ರೆ ಮಾತ್ರ."

ಬೆರಳೂ ಸೋಕಿಸಲ್ಲ ಎಂದು ಕೊಟ್ಟ ಮಾತು ಅವಳಿಗೆ ನೆನಪಾಯಿತು. ಅಣ್ಣನಿಗೆ ಗೊತ್ತಾದರೆ? ಹಾಗೆಂದುಕೊಂಡೇ ಹೂಂ ಎಂದಳು.

ಮೇಷ್ಟ್ರು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿಗೆ ಟರ್ಪೆಂಟೈನ್ ಬೆರೆಸಿ, ಶಾಲಿನ ಕೊನೆಯ ಮಡಿಕೆಯ ಮೇಲೆ ಉಜ್ಜದೆ ಮೆಲ್ಲಗೆ ಉರುಳಿಸಿದರು. ಹತ್ತಿ ಚಹಾದ ಬಣ್ಣಕ್ಕೆ ತಿರುಗಿತು. ಇನ್ನೊಂದು ಹತ್ತಿ, ಮತ್ತೊಂದು. ಹಸಿರು ಶಾಲಿನ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ನೀಲಿ ಕಾಣಿಸಿತು. ಅಚ್ಚ ನೀಲಿ.

ಹುಟ್ಟಿದಾಗಿನಿಂದ ಅವಳು ಕೇಳುತ್ತ ಬಂದದ್ದು ಅಮ್ಮನ ಹಸಿರು ಶಾಲು! ದೊಡ್ಡಮ್ಮ ಹೇಳುತ್ತಿದ್ದದ್ದು ಹಸಿರು, ಅಣ್ಣ ಹೇಳುತ್ತಿದ್ದದ್ದು ಹಸಿರು.

"ನೀಲಿ ಮೇಲೆ ಹಳದಿ ಕೂತ್ರೆ ಹಸಿರು ಕಾಣ್ದೆ ಇನ್ನೇನು ಕಾಣತ್ತೆ" ಎಂದು ಮೇಷ್ಟ್ರು ಹತ್ತಿಯನ್ನು ಡಬ್ಬಿಗೆ ಹಾಕಿದರು. "ಸಾಕು. ಇಷ್ಟೇ. ಇಡೀ ಚಿತ್ರ ತೊಳೆಯೋದು ನನ್ನ ಕೈಲಾಗೋ ಕೆಲಸ ಅಲ್ಲ. ವಾರ್ನಿಶ್ ಜೊತೆ ಮುಖವೂ ಎದ್ದು ಬಂದ್ರೆ ಏನು ಮಾಡೋಣ? ಅಲ್ದೆ ಚಿತ್ರ ನಿಮ್ಮದೂ ಅಲ್ಲ."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಚಿತ್ರದ ಕೆಳಗಿನ ಅಂಚು ನೋಡುತ್ತಿದ್ದಳು. ಇಷ್ಟು ವರ್ಷ ಚೌಕಟ್ಟಿನೊಳಗೆ ಮರೆಯಾಗಿದ್ದ ಆ ಬೆರಳಿನ ತುದಿ ಅಲ್ಲಿತ್ತು, ವಾರ್ನಿಶ್ ಅಲ್ಲಿಗೂ ಹಬ್ಬಿ ಅದೂ ಕಂದಾಗಿ, ಅದರ ಮೇಲೊಂದು ಸಣ್ಣ ಉಗುರು. "ಮೈಬಣ್ಣ ನೋಡ್ಬೇಕು" ಎಂದಳು. ಮೇಷ್ಟ್ರು ಅಲುಗಾಡಲಿಲ್ಲ. ಅವಳೇ ಹೊಸ ಹತ್ತಿ ಸುತ್ತಿಕೊಂಡಳು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು, ತಾಯಿಯ ಬೆರಳ ತುದಿಯ ಮೇಲೆ ಹತ್ತಿ ಉರುಳಿಸಿದಳು. ಕಂದು ಎದ್ದು ಬಂತು. ಅದರ ಕೆಳಗಿದ್ದದ್ದು ಕೆಂಪು ತುಂಬಿದ, ರಕ್ತ ಓಡುವ ಬೆರಳು. ಉಗುರು ನಸುಗೆಂಪು. ಆರೋಗ್ಯವಂತ ಹೆಂಗಸಿನ ಬೆರಳು ಹೇಗಿರಬೇಕೋ ಹಾಗಿತ್ತು.

ಅವಳು ಹತ್ತಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ ಕೇಳಿದಳು: "ಚಿತ್ರಕಾರ ಸುಳ್ಳು ಬರೆದಿರಬಹುದಲ್ವಾ ಮೇಷ್ಟ್ರೇ? ಕಾಯಿಲೆಯವರನ್ನ ಚೆನ್ನಾಗಿ ಕಾಣೋ ಹಾಗೆ?"

"ಬರೀತಾರೆ. ದುಡ್ಡು ಕೊಡೋರನ್ನ ಮೆಚ್ಚಿಸಬೇಕಲ್ಲ. ಆದ್ರೆ ಕೆನ್ನೆಗೆ ಸುಳ್ಳು ಬರೀತಾರೆ ಅಕ್ಕಾ. ಚೌಕಟ್ಟಿನೊಳಗೆ ಹೋಗೋ ಉಗುರಿಗೆ ಯಾರೂ ಬರಿಯಲ್ಲ."

ಅಲ್ಲಿಗೆ ಅವಳ ಇಡೀ ಆಯಸ್ಸಿನ ವಿರುದ್ಧ ನಿಂತಿದ್ದ ಒಂದೇ ಸಾಕ್ಷಿ ಮಾತು ಬದಲಿಸಿತು. ತಾನು ಹುಟ್ಟಿದ ಮೇಲೆ ಬರೆಸಿದ ಚಿತ್ರ. ತಾನು ಹುಟ್ಟಿದ ಮೇಲೂ ಆ ಬೆರಳಲ್ಲಿ ರಕ್ತವಿತ್ತು. ಅಪ್ಪ ಜ್ವರ ಎಂದಿದ್ದ. ಆ ಮೆತ್ತಗಿನ ಮನುಷ್ಯನ ಮಾತನ್ನು ಮಗಳು ಕೂಡ ನಂಬಿರಲಿಲ್ಲ. ಅವಳಿಗೆ ತಾಯಿಗಿಂತ ಮೊದಲು ಅಪ್ಪನ ನೆನಪಾಯಿತು.

ಅಣ್ಣ ಹೊರಡುವ ದಿನ ಹತ್ತಿರವಾಗುತ್ತಿತ್ತು. ಅವಳ ನಕಲಿನಲ್ಲಿ ಗೆರೆ ಸರಿಯಾಗಿದೆ, ಒಣಗಿದ ಬಣ್ಣದ ಮೇಲೇ ಬರೆಯಬಹುದು ಎಂದರು ಮೇಷ್ಟ್ರು. ಆದರೆ ಏನನ್ನು ನೋಡಿಕೊಂಡು ಬರೆಯುವುದು? ಮುಖ ಇನ್ನೂ ಕಂದಿನ ಕೆಳಗೇ ಇತ್ತು. ಎದುರಿಗಿರುವುದಕ್ಕೆ ಬಣ್ಣ ಹೊಂದಿಸುವುದೊಂದೇ ಗೊತ್ತಿದ್ದವಳು ಎದುರಿಗಿಲ್ಲದ ಮುಖಕ್ಕೆ ಹೇಗೆ ಹೊಂದಿಸಬೇಕು?

ದಾರಿ ತೋರಿಸಿದ್ದು ಮೇಷ್ಟ್ರೇ. ಒಡೆದ ಕಿಟಕಿಯ ಗಾಜಿನ ತುಂಡೊಂದರ ಅಂಚುಗಳನ್ನು ಉಜ್ಜಿ ನಯ ಮಾಡಿ, ವಾರ್ನಿಶಿಗೆ ಕಂದು, ಹಳದಿ ಬೆರೆಸಿ ತೆಳ್ಳಗೆ ಬಳಿದರು. ಒಣಗಿದ ಮೇಲೆ ಇನ್ನೊಂದು ಪದರ. ಸ್ವಚ್ಛವಾದ ಬೆರಳ ತುದಿಯ ಮೇಲೆ ಆ ಗಾಜು ಹಿಡಿದರೆ ಪಕ್ಕದ ಕೊಳೆ ಬೆರಳಿನ ಹಾಗೇ ಕಾಣುವ ತನಕ ಬಳಿಯುತ್ತ ಹೋದರು.

"ಈಗ ಇದು ನಿಮ್ಮ ಅಡುಗೆಮನೆ ಹೊಗೆ" ಎಂದು ಗಾಜು ಅವಳ ಕೈಗೆ ಕೊಟ್ಟರು. "ನೀವು ಶುದ್ಧ ಬಣ್ಣದಲ್ಲಿ ಬರೀರಿ. ಗಾಜು ಹಿಡಿದು ನೋಡಿ. ಗಾಜಿನಲ್ಲಿ ಹಳೇ ಅಮ್ಮ ಕಂಡ್ರೆ ನೀವು ಬರೆದದ್ದು ಸರಿ ಅಂತ."

ಹಾಗೆ ಅವಳು ತಾಯಿಯನ್ನು ಹಿಂದಕ್ಕೆ ಬರೆಯುತ್ತ ಹೋದಳು. ಕಣ್ಣಿನ ಕೆಳಗಿನ ಕಪ್ಪು ಎಂದುಕೊಂಡದ್ದು ರೆಪ್ಪೆಯ ನೆರಳಷ್ಟೇ. ಕೆನ್ನೆಯ ವಿಷಯದಲ್ಲಿ ಅವಳು ಮೂರು ಸಲ ಸೋತಳು. ಬಿಳುಪು ಹಚ್ಚಿದರೆ ಗಾಜಿನಲ್ಲಿ ಗುಳಿ ಕಾಣುತ್ತಿರಲಿಲ್ಲ; ಬೂದು ಹಚ್ಚಿದರೆ ಬೂದಿ ಬಡಿದ ಹಾಗಾಗುತ್ತಿತ್ತು. ಕೊನೆಗೆ ಧೈರ್ಯ ಮಾಡಿ, ಬೆರಳ ತುದಿಯಲ್ಲಿ ಕಂಡಿದ್ದ ಆ ಕೆಂಪನ್ನೇ ಕೆನ್ನೆಯ ನಡುವೆ ತುಂಬಿ, ಗಾಜು ಹಿಡಿದಳು. ಆ ಗುಳಿ ಹಾಗೇ ಬಂತು. ಗಾಜು ತೆಗೆದಳು. ಗುಳಿಯಿದ್ದ ಜಾಗದಲ್ಲಿ ಕೆಂಪೇರಿದ ತುಂಬು ಕೆನ್ನೆ. ಹೊಗೆಯ ಕೆಳಗೆ ಆ ಕೆಂಪೇ ಇಷ್ಟು ವರ್ಷ ಕಪ್ಪುಗುಳಿಯಾಗಿ ಕಂಡಿತ್ತು. ತಾಯಿಯ ಆರೋಗ್ಯವನ್ನೇ ಮನೆಮಂದಿಯೆಲ್ಲ ಕಾಯಿಲೆ ಎಂದು ನೋಡಿದ್ದರು, ಅದನ್ನು ಒಂದು ಮಗುವಿನ ತಲೆಗೆ ಕಟ್ಟಿದ್ದರು.

ಅಂದು ಮೇಷ್ಟ್ರು ಹಳೆಯ ಚಿತ್ರಕ್ಕೆ ಚೌಕಟ್ಟು ಕೂರಿಸಿ ಮೊಳೆ ಬಡಿದರು. ನೀಲಿಯ ಚೂರು, ಬೆರಳ ತುದಿ ಎರಡೂ ಮರೆಯಾದವು. "ನಿಮ್ಮಣ್ಣಂಗೆ ಗೊತ್ತಾಗಲ್ಲ ಬಿಡಿ" ಎಂದರು. ಗೊತ್ತಾಗದ ಹಾಗೆ ಮುಚ್ಚುವುದೇ ಜೀವನವಾಗಿದ್ದ ಅವಳು ಹಳೆಯ ಚಿತ್ರವನ್ನು ಹೊದಿಕೆಯಲ್ಲಿ ಸುತ್ತಿಕೊಂಡಳು.

ಹೊರಡುವ ದಿನ ಬೆಳಿಗ್ಗೆ ಅಣ್ಣ ಅವಳ ಮನೆಗೆ ಬಂದ. ಅತ್ತಿಗೆ ಕೆಳಗೆ ಸಾಮಾನು ತುಂಬಿದ ವ್ಯಾನಿನಲ್ಲಿದ್ದಳು. ರಫು ಅಕ್ಕನ ಕೋಣೆಯಲ್ಲಿ ಒಂದು ಮಂಚ, ಒಂದು ಹೊಲಿಗೆ ಮೇಜು, ಗೋಡೆಗೆ ಒರಗಿಸಿದ ಎರಡು ಚಿತ್ರಗಳು. ಅಣ್ಣ ಹಳೆಯದರ ಕಡೆ ನೋಡಿ ನೆಮ್ಮದಿಯಿಂದ ತಲೆಯಾಡಿಸಿದ. ಹೊಸದರ ಕಡೆ ತಿರುಗಿ ನಿಂತುಬಿಟ್ಟ.

"ಇದು ಯಾರು?"

"ಅಮ್ಮ."

"ಅಲ್ಲ ಪುಟ್ಟೀ. ನೀನು ನೋಡಿಲ್ಲ, ನಿನಗೆ ಗೊತ್ತಿಲ್ಲ. ಅಮ್ಮ ಹೀಗಿರ್ಲಿಲ್ಲ." ಅವನ ದನಿಯಲ್ಲಿ ಸಿಟ್ಟಿತ್ತು. "ನೋಡ್ಕೊಂಡು ಬರೀತೀನಿ ಅಂತ ತಾನೇ ತಂದಿದ್ದು? ಮೈಬಣ್ಣ ಬದಲಾಯಿಸಿದೀಯ, ಶಾಲೂ ಬದಲಾಯಿಸಿದೀಯ. ಚೆನ್ನಾಗಿ ಕಾಣ್ಲಿ ಅಂತ ನಿನ್ನ ಇಷ್ಟ ಬಂದ ಹಾಗೆ ಬರೆದುಬಿಟ್ಯಾ?"

ಅವಳು ಮೇಜಿನ ಮೇಲಿದ್ದ ಕಂದು ಗಾಜನ್ನು ಅವನ ಕೈಗಿಟ್ಟು, "ಇದನ್ನ ಕಣ್ಣಿಗೆ ಹಿಡಿದು ನೋಡು" ಎಂದಳು. ಅವನು ಬೇಸರದಿಂದಲೇ ಹಿಡಿದ. ಗಾಜಿನೊಳಗೆ ಅವನ ಅಮ್ಮ ಇದ್ದಳು, ಹಸಿರು ಶಾಲು, ಗುಳಿಬಿದ್ದ ಕೆನ್ನೆ, ಕಣ್ಣಿನ ಕೆಳಗೆ ಕಪ್ಪು, ಒಂದೂ ವ್ಯತ್ಯಾಸವಿಲ್ಲದೆ. ಗಾಜು ಇಳಿಸಿದ. ಮತ್ತೆ ಹಿಡಿದ. ಮತ್ತೆ ಇಳಿಸಿದ.

ಆಗ ಅವಳು ಹಳೆಯ ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ಇಕ್ಕಳದಿಂದ ಮೊಳೆಗಳನ್ನು ಕಿತ್ತು, ಚೌಕಟ್ಟು ತೆಗೆದಳು. ಯಾರಿಗೂ ಕಾಣದ ತೂತನ್ನು ತಾನೇ ಬೆರಳಿಟ್ಟು ತೋರಿಸಿದ್ದು ಅವಳ ಆಯಸ್ಸಿನಲ್ಲಿ ಅದೇ ಮೊದಲು. "ನಿನಗೆ ಕೊಟ್ಟ ಮಾತು ಮುರಿದೆ ಅಣ್ಣ. ಇಲ್ಲಿ ಒರೆಸಿದ್ದು ಚಿತ್ರದ ಮೇಷ್ಟ್ರು. ಇಲ್ಲಿ ನಾನೇ. ಬೈಯೋದಿದ್ರೆ ಬೈ. ಆದ್ರೆ ಮೊದ್ಲು ನೋಡು." ವಾರ್ನಿಶಿನ ವಿಷಯ, ಹೊಗೆಯ ವಿಷಯ ಎಲ್ಲ ಹೇಳಿದಳು.

ಅಣ್ಣ ಬಗ್ಗಿ ಬೆರಳ ತುದಿ ನೋಡಿದ. ಮುದುಕನಾಗುತ್ತಿದ್ದ ಆ ಮನುಷ್ಯನ ಗಲ್ಲ ಚಿಕ್ಕ ಹುಡುಗನ ಗಲ್ಲದ ಹಾಗೆ ಅದುರಿತು. ಮಂಚದ ಅಂಚಿನಲ್ಲಿ ಕೂತ. ಗಾಜು ಇನ್ನೂ ಕೈಯಲ್ಲೇ ಇತ್ತು.

"ಹತ್ತು ವರ್ಷದವನು ನಾನು" ಎಂದ ಕೊನೆಗೆ. "ಅಮ್ಮನ ಮುಖ ನೆನಪಿದೆ ಅಂತಾನೇ ಅಂದ್ಕೊಂಡಿದ್ದೆ. ಇಲ್ಲ ಪುಟ್ಟೀ. ನನಗೆ ನೆನಪಿದ್ದದ್ದು ಚಿತ್ರ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಚಿತ್ರ ನೋಡ್ಕೊಂಡು. ಅಮ್ಮನ್ನ ನೋಡ್ಕೊಂಡಲ್ಲ."

ಅವಳು ಪಕ್ಕದಲ್ಲಿ ಕೂತಳು. ಕೆಳಗೆ ವ್ಯಾನಿನವನು ಹಾರ್ನ್ ಹೊಡೆದ. ಇಬ್ಬರೂ ಏಳಲಿಲ್ಲ.

"ಬೈತಿದ್ಳು ಕಣೇ" ಎಂದ ಅವನು ಹೊಸ ಚಿತ್ರವನ್ನು ನೋಡುತ್ತ. "ಬೈದ್ರೆ ಮುಖವೆಲ್ಲ ಕೆಂಪಾಗೋದು. ನನಗೆ ನಗು ಬರೋದು. ನಾನು ನಕ್ಕಿದ್ದು ನೋಡಿ ಅವಳೂ…" ಅಲ್ಲಿಗೆ ನಿಂತು, ಅಂಗೈಯಿಂದ ಮೂಗು ಒರೆಸಿಕೊಂಡ. "ನೀನು ಅವಳ ಸೊಂಟದ ಮೇಲಿದ್ದೆ. ಆಗ ನೀನಿದ್ದೆ."

ಮೆಟ್ಟಿಲು ಹತ್ತಿ ಬಂದ ಅತ್ತಿಗೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. "ಏನ್ರೀ ಇದು, ವ್ಯಾನಿನವನು ಒಂದೇ ಸಮ ಕೂಗ್ತಿದಾನೆ…" ಎಂದವಳು ಇಬ್ಬರ ಮುಖ ನೋಡಿ ದನಿ ತಗ್ಗಿಸಿದಳು. ಆಮೇಲೆ ಗೋಡೆಗೆ ಒರಗಿಸಿದ ಹೊಸ ಚಿತ್ರ ಅವಳ ಕಣ್ಣಿಗೆ ಬಿತ್ತು. ನೀಲಿ ಶಾಲು ಹೊದ್ದು, ತುಟಿಯ ಮೂಲೆಯಲ್ಲಿ ನಗು ಅದುಮಿಕೊಂಡ, ಕೆನ್ನೆ ಕೆಂಪಾದ ಹೆಂಗಸು. "ಇವ್ರು ಯಾರು?" ಎಂದು ಕೇಳಿದಳು.

ಅಣ್ಣ ಎದ್ದು ನಿಂತ. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ ಹಾಗೇ ಚಿತ್ರದ ಕಡೆ ಬೆರಳು ಚಾಚಿದ. ಅವನ ದನಿ ಒಡೆದಿತ್ತು.

"ನಮ್ಮಮ್ಮ" ಎಂದ. "ಇವಳು ಹುಟ್ಟಿದ ಮೇಲೆ ಬರೆಸಿದ್ದು, ನೋಡು."

ಆ ಮಾತು ಕೇಳುತ್ತಲೇ ರಫು ಅಕ್ಕನ ತಲೆ ಅಭ್ಯಾಸಬಲದಿಂದ ಕೆಳಗೆ ಬಾಗಿತು. ಆಮೇಲೆ ಅವಳು ತಲೆಯೆತ್ತಿ ಅವರಿಬ್ಬರ ಜೊತೆ ತಾನೂ ನೋಡಿದಳು.